ಡಬ್ಬಿ ಸಿಕ್ಕಿದ ಮೊದಲ ವಾರ

ಮಾನ್ಯ ಸಂಪಾದಕರಿಗೆ,

ಟೂರಿಂಗ್ ಟಾಕೀಸಿನ ಹಳೇ ಗೋದಾಮಿನಲ್ಲೋ, ಬಾಗಿಲು ಮುಚ್ಚಿದ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲೋ, ಹಂಚಿಕೆದಾರರ ಮನೆಯ ಅಟ್ಟದಲ್ಲೋ ಐವತ್ತು, ಅರವತ್ತರ ದಶಕದ ರೀಲುಗಳು ಸಿಕ್ಕವೆಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಜೊತೆಗೊಂದು ಫೋಟೊ: ತುಕ್ಕು ಹಿಡಿದ ಡಬ್ಬಿ, ಅದರಿಂದ ಎಳೆದು ಬಿಸಿಲಿಗೆ ಹಿಡಿದ ಮಾರುದ್ದದ ಫಿಲ್ಮು, ಹಿಡಿದವರ ಮುಖದಲ್ಲಿ ನಗು. ಸಂತೋಷದ ಸುದ್ದಿಯೇ. ಆದರೆ ಈ ಕೆಲಸ ಬಲ್ಲವರಿಗೆ ಆ ಫೋಟೊ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಐವತ್ತು ವರ್ಷ ಕತ್ತಲಲ್ಲಿ ಹೇಗೋ ಉಳಿದುಕೊಂಡಿದ್ದು ಹಾಳಾಗುವುದು ಹೆಚ್ಚಾಗಿ ಸಿಕ್ಕಿದ ಮೊದಲ ವಾರದಲ್ಲೇ. ಆ ವಾರದಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ನಿಮ್ಮ ಓದುಗರಿಗೆ ತಿಳಿಸಲು ಈ ಪತ್ರ. ತುಸು ಉದ್ದವಾಗಿದೆ, ಕತ್ತರಿಸುವುದಾದರೆ ತಾನಾಗಿ ಹೊತ್ತಿಕೊಳ್ಳಬಲ್ಲ ನೈಟ್ರೇಟ್ ಫಿಲ್ಮಿನ ಮಾತನ್ನು ಮಾತ್ರ ಬಿಡಬೇಡಿ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಪ್ರಿಂಟು ಇವತ್ತಿಗೂ ಸಿಕ್ಕಿಲ್ಲ. ಆ ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ. ಮುಂದಿನ ಮೂವತ್ತು ವರ್ಷ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆದದ್ದು ಮದರಾಸಿನ ಸ್ಟುಡಿಯೊಗಳಲ್ಲಿ. ನೆಗೆಟಿವ್ ಅಲ್ಲಿನ ಲ್ಯಾಬಿನಲ್ಲೇ ಉಳಿಯುತ್ತಿತ್ತು. ನಿರ್ಮಾಪಕರು ಕೈಸೋತರೆ ಅದನ್ನು ಕೇಳುವವರೇ ಇರುತ್ತಿರಲಿಲ್ಲ. ಊರೂರು ಸುತ್ತಿ ಸವೆದ ಪ್ರಿಂಟುಗಳನ್ನು ಬೆಳ್ಳಿಗಾಗಿ ತೊಳೆದು ಮಾರಿದ್ದೂ ಉಂಟು, ಕಪ್ಪು ಬಿಳುಪು ಫಿಲ್ಮಿನ ಚಿತ್ರವೆಂದರೆ ಬೆಳ್ಳಿಯ ಕಣಗಳೇ ತಾನೆ. ಹೀಗಾಗಿ ಆ ಕಾಲದ ಚಿತ್ರವೊಂದು ಇನ್ನು ಸಿಗುವುದಾದರೆ ದೊಡ್ಡ ಭಂಡಾರಕ್ಕಿಂತ ಯಾರದೋ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ ಸಿಗುವ ಸಂಭವವೇ ಹೆಚ್ಚು. ಮೊದಲು ಮುಟ್ಟುವ ಕೈ ತಜ್ಞರದ್ದಾಗಿರುವುದಿಲ್ಲ.

ಡಬ್ಬಿಯನ್ನು ಮನೆಯೊಳಗೆ, ದೇವರ ದೀಪದ ಹತ್ತಿರ, ಅಡುಗೆಮನೆಯ ಪಕ್ಕ ತೆರೆಯಬಾರದು. ನೆರಳಿರುವ ಹೊರ ಜಗಲಿ ಸರಿಯಾದ ಜಾಗ. ತೆರೆಯುವ ಮೊದಲು ಡಬ್ಬಿಯ ಮೇಲೆ ಅಂಟಿಸಿದ ಚೀಟಿ, ಸೀಮೆಸುಣ್ಣದ ಬರಹ, ರೈಲ್ವೆ ಪಾರ್ಸೆಲಿನ ಗುರುತು ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಚ್ಚಳ ತೆಗೆಯುವಾಗ ತುಕ್ಕಿನ ಜೊತೆ ಮೊದಲು ಉದುರುವುದು ಆ ಚೀಟಿಯೇ. ಮುಚ್ಚಳ ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ಅಂಚಿನ ಸುತ್ತ ನಾಣ್ಯದಿಂದ ಸ್ವಲ್ಪ ಸ್ವಲ್ಪವೇ ಮೀಟಿದರೆ ಬಿಡುತ್ತದೆ.

ನೋಡಬೇಕಾದ ಮೊದಲ ಸಂಗತಿ ಅಗಲ. 16 ಎಂ.ಎಂ. ಆಗಿದ್ದರೆ ಅದು ಬೆಂಕಿಗೆ ಹೆದರಬೇಕಿಲ್ಲದ ಸೇಫ್ಟಿ ಫಿಲ್ಮು. 35 ಎಂ.ಎಂ. ಆಗಿದ್ದು, ಚಿತ್ರ 1950ರ ದಶಕದ ನಡುಭಾಗಕ್ಕಿಂತ ಹಿಂದಿನದಾದರೆ ಅದು ನೈಟ್ರೇಟ್ ಎಂದೇ ಭಾವಿಸಿ ಮುಟ್ಟಿ. ಕೊಡಾಕ್ ಕಂಪನಿ ನೈಟ್ರೇಟ್ ತಯಾರಿಕೆ ನಿಲ್ಲಿಸಿದ್ದು 1951ರ ಸುಮಾರಿಗೆ. ದಾಸ್ತಾನಿದ್ದ ಹಳೇ ಸರಕು ಆಮೇಲೂ ಬಳಕೆಯಾಯಿತು. ಅಂಚಿನ ತೂತುಗಳ ಪಕ್ಕ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಎಂದೋ ‘ನೈಟ್ರೇಟ್’ ಎಂದೋ ಅಚ್ಚಾಗಿರುತ್ತದೆ. ಇಲ್ಲೊಂದು ಮೋಸವಿದೆ. ಪಾರದರ್ಶಕ ಅಂಚಿನ ಮೇಲೆ ಅಕ್ಷರ ಕಪ್ಪಾಗಿದ್ದರೆ ಅದು ಆ ಫಿಲ್ಮಿನದೇ ಗುರುತು. ಕಪ್ಪು ಅಂಚಿನಲ್ಲಿ ಅಕ್ಷರ ಬೆಳ್ಳಗೆ ಕಂಡರೆ ಅದು ನೆಗೆಟಿವ್‌ನಿಂದ ಪ್ರಿಂಟಿಗೆ ಇಳಿದುಬಂದದ್ದು. ನೆಗೆಟಿವ್ ಒಂದು ಬಗೆ, ಪ್ರಿಂಟು ಇನ್ನೊಂದು ಬಗೆ ಇರಬಹುದು. ಕೊಡಾಕ್ ಅಂಚಿನ ಚೌಕ, ವೃತ್ತ, ತ್ರಿಕೋನಗಳಿಂದ ಫಿಲ್ಮು ತಯಾರಾದ ವರ್ಷ ತಿಳಿಯುತ್ತದೆ. ಆದರೆ ಆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ. 1937 ಎಂದು ಕುಣಿದಾಡಿದ್ದು 1957 ಆಗಿರುವುದು ಅಪರೂಪವಲ್ಲ.

ನೈಟ್ರೇಟ್ ಕೆಡುವ ರೀತಿ ಬೇರೆ. ಚಿತ್ರ ಮೊದಲು ಕಂದುತ್ತದೆ, ಆಮೇಲೆ ಅಂಟಂಟಾಗುತ್ತದೆ, ಜೇನಿನಂಥ ನೊರೆ ಕಟ್ಟುತ್ತದೆ, ಸುರುಳಿ ಗಟ್ಟಿ ಬಿಲ್ಲೆಯಾಗುತ್ತದೆ, ಕೊನೆಗೆ ಕಂದು ಪುಡಿ. ಹೀಗೆ ಕೆಡುತ್ತಿರುವ ನೈಟ್ರೇಟ್ 40 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಿನ ಶಾಖದಲ್ಲಿ ಬಹಳ ಹೊತ್ತು ಇದ್ದರೆ ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಅಡಿ ಎಷ್ಟು ಕಾವಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹೊತ್ತಿದರೆ ನೀರು, ಮರಳು ಯಾವುದಕ್ಕೂ ಆರುವುದಿಲ್ಲ. ಉರಿಯುವಾಗ ಬೇಕಾದ ಆಮ್ಲಜನಕವನ್ನು ಅದು ತಾನೇ ಬಿಡುತ್ತದೆ, ಹೊಗೆಯೂ ವಿಷ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳಿಗೇ ಬೆಂಕಿ ಬಿದ್ದು ಮೂಕಿ ಯುಗದ, ಆರಂಭದ ಮಾತಿನ ಚಿತ್ರಗಳ ಎಷ್ಟೋ ರೀಲು ಬೂದಿಯಾದವು. ಆದ್ದರಿಂದ ನೈಟ್ರೇಟ್ ಎಂಬ ಗುಮಾನಿ ಬಂದರೂ ಸಾಕು, ಡಬ್ಬಿಯನ್ನು ಸಡಿಲವಾಗಿ ಮುಚ್ಚಿ, ವಾಸದ ಮನೆಯಿಂದ ದೂರ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಬಸ್ಸಿನ ಡಿಕ್ಕಿಯಲ್ಲಿ, ರೈಲಿನಲ್ಲಿ, ಕೊರಿಯರಿನಲ್ಲಿ ಕಳಿಸಲೇಬೇಡಿ. ‘ತುದಿಯ ಒಂದು ತುಂಡು ಸುಟ್ಟು ನೋಡೋಣ’ ಎಂಬ ಹಳೇ ಆಪರೇಟರುಗಳ ಪರೀಕ್ಷೆಯಂತೂ ಬೇಡವೇ ಬೇಡ.

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಅಸಿಟೇಟ್ ಎಂಬ ಸೇಫ್ಟಿ ಫಿಲ್ಮು. ಮುಚ್ಚಳ ತೆರೆದ ಕೂಡಲೇ ಮೂಗಿಗೆ ಹೊಡೆಯುವ ಹುಳಿ ವಾಸನೆಯೇ ಅದು ಕೆಡುತ್ತಿರುವ ಗುರುತು. ಬೇರೇನಲ್ಲ, ವಿನೆಗರ್. ಫಿಲ್ಮಿನ ಪ್ಲಾಸ್ಟಿಕ್ ತೇವದ ಜೊತೆ ಸೇರಿ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಉಳಿದ ಪ್ಲಾಸ್ಟಿಕ್ಕನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಹಾಲಿಗೆ ಹೆಪ್ಪು ಬಿದ್ದಹಾಗೆ, ಒಮ್ಮೆ ಶುರುವಾದದ್ದು ತಾನಾಗಿ ನಿಲ್ಲುವುದಿಲ್ಲ. ಹೊಸ ಅಸಿಟೇಟ್ ಫಿಲ್ಮು 21 ಡಿಗ್ರಿ ಶಾಖ, ಶೇ 50 ತೇವದಲ್ಲಿ ಸುಮಾರು 40ರಿಂದ 50 ವರ್ಷಕ್ಕೆ ಈ ಹಂತ ಮುಟ್ಟುತ್ತದೆ. ಮಂಗಳೂರಿನ ಸೆಕೆಯಲ್ಲಿ, ಮಲೆನಾಡಿನ ಮಳೆಯಲ್ಲಿ ಅದಕ್ಕೂ ಎಷ್ಟೋ ಮೊದಲೇ. ಐದಾರು ಡಿಗ್ರಿ ತಂಪು ಮಾಡಿದರೆ ಆಯಸ್ಸು ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ಎರಡೂ ಆಮ್ಲದ ಹಬೆಯನ್ನು ಒಳಗೇ ಹಿಡಿದಿಡುತ್ತವೆ. ಜನ ಒಳ್ಳೆಯದೆಂದು ಮಾಡುವ ತಪ್ಪು ಇದು. ಹುಳಿ ವಾಸನೆಯ ರೀಲನ್ನು ವಾಸನೆಯಿಲ್ಲದ ರೀಲುಗಳ ಜೊತೆ ಒಂದೇ ಕಪಾಟಿನಲ್ಲಿ ಇಡುವುದು ಇನ್ನೊಂದು ತಪ್ಪು. ನುಸಿಗುಳಿಗೆ ಹಾಕಿದರೂ ಹುಳಿ ನಿಲ್ಲುವುದಿಲ್ಲ.

ರೋಗ ಎಷ್ಟು ಬಲಿತಿದೆಯೆಂದು ಮೂಗಿನಿಂದ ಅಳೆಯಲಾಗದು, ಹತ್ತು ನಿಮಿಷದಲ್ಲಿ ಮೂಗು ಆ ವಾಸನೆಗೆ ಒಗ್ಗಿಬಿಡುತ್ತದೆ. ಇದಕ್ಕೆಂದೇ ಎ-ಡಿ ಸ್ಟ್ರಿಪ್ ಎಂಬ ನೀಲಿ ಕಾಗದದ ಪಟ್ಟಿ ಬರುತ್ತದೆ. ಡಬ್ಬಿಯೊಳಗೆ ಒಂದು ದಿನ ಇಟ್ಟು ತೆಗೆದರೆ ನೀಲಿಯಾಗಿಯೇ ಉಳಿದದ್ದು ಚೆನ್ನಾಗಿದೆ, ಹಸಿರಿಗೆ ತಿರುಗಿದ್ದು ಶುರುವಾಗಿದೆ, ಹಳದಿಯಾದದ್ದು ತುರ್ತಾಗಿ ಸ್ಕ್ಯಾನ್ ಆಗಬೇಕು. ಹದಿನಾಲ್ಕು ರೀಲಿದ್ದು ಮೂರಕ್ಕೆ ಮಾತ್ರ ಹಣವಿದ್ದರೆ ಯಾವ ಮೂರೆಂದು ಹೇಳುವುದು ಈ ಪಟ್ಟಿ. ‘ಒಳ್ಳೇ ಹಾಡಿರುವ ರೀಲು ಮೊದಲು’ ಎಂಬ ಆಸೆಗೆ ಬಿದ್ದರೆ ಹಳದಿ ರೀಲು ಕೈಬಿಟ್ಟಂತೆಯೇ.

ಇನ್ನು ಎಲ್ಲರಿಗೂ ಬರುವ ಆಸೆ, ಪರದೆ ಕಟ್ಟಿ ಒಮ್ಮೆ ಓಡಿಸಿಬಿಡೋಣ ಎಂಬುದು. ಅಸಿಟೇಟ್ ಕೆಟ್ಟಂತೆ ಕುಗ್ಗುತ್ತದೆ. ಕುಗ್ಗಿದ ಫಿಲ್ಮಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ. ಸಾವಿರ ಅಡಿಯ ರೀಲು 11 ನಿಮಿಷ ಓಡುತ್ತದೆ. ಅಷ್ಟರಲ್ಲಿ ಒಂದೊಂದು ಅಂಚಿನ 64,000 ತೂತುಗಳೂ ಹರಿಯಬಹುದು. ಎಷ್ಟು ಕುಗ್ಗಿದೆಯೆಂದು ನೋಡಲು ಒಂದು ಸ್ಟೀಲ್ ಸ್ಕೇಲು ಸಾಕು. 35 ಎಂ.ಎಂ. ಪ್ರಿಂಟಿನಲ್ಲಿ ಒಂದು ತೂತಿನ ಅಂಚಿನಿಂದ ಮುಂದಿನ ತೂತಿನ ಅದೇ ಅಂಚಿಗೆ 4.75 ಮಿಲಿಮೀಟರ್. ಫಿಲ್ಮನ್ನು ಎಳೆಯದೆ ಬಿಳಿ ಬಟ್ಟೆಯ ಮೇಲೆ ಚಪ್ಪಟೆಯಾಗಿ ಹಾಸಿ 100 ಅಂತರ ಅಳೆಯಿರಿ, ಹೊಸ ಫಿಲ್ಮಾದರೆ 475 ಮಿಲಿಮೀಟರ್ ಬರಬೇಕು. 470 ಬಂದರೆ ಶೇ 1ಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗಿದೆ, ಅದನ್ನು ಯಾವ ಪ್ರೊಜೆಕ್ಟರಿಗೂ ಏರಿಸಬಾರದು. ಹಲ್ಲಿಲ್ಲದೆ ರೋಲರಿನ ಮೇಲೆ ಸಾಗಿಸುವ ಸ್ಕ್ಯಾನರುಗಳಿವೆ. ಅಂಥ ರೀಲಿಗೆ ಅವೇ ಗತಿ. ಪ್ರೊಜೆಕ್ಟರ್ ಸರಿಯಿದೆ, ಆಪರೇಟರ್ ನುರಿತವರು ಎಂಬ ಮಾತು ಇಲ್ಲಿ ನಡೆಯದು, ಕುಗ್ಗಿರುವುದು ಫಿಲ್ಮು.

ಬೂಷ್ಟು ಹಿಡಿದ ರೀಲನ್ನು ನೀರಿನಲ್ಲಿ ತೊಳೆಯುವವರಿದ್ದಾರೆ. ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ನಾಯಕಿಯ ಮುಖವೇ ಬಟ್ಟೆಗೆ ಬಂದುಬಿಡುತ್ತದೆ. ಒಣ ಮೆದು ಬಟ್ಟೆಯಿಂದ, ಅದೂ ಸುತ್ತಿದ ರೀಲಿನ ಹೊರ ಅಂಚನ್ನು ಮಾತ್ರ ಒರೆಸಿ ನಿಲ್ಲಿಸಿ. ಮಿಕ್ಕದ್ದು ಲ್ಯಾಬಿನ ಕೆಲಸ. ಕೈಗೆ ಹತ್ತಿಯ ಅಥವಾ ನೈಟ್ರೈಲ್ ಗವುಸು, ಮೇಜಿನ ಮೇಲೆ ತೊಳೆದ ಬಿಳಿ ಪಂಚೆ, ಹೊಸ ಡಬ್ಬಿ ಸಿಗುವವರೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಡುವುದು, ಇಷ್ಟೇ ಮನೆಯಲ್ಲಿ ಮಾಡಬಹುದಾದ ಉಪಚಾರ.

ಯಾವ ಚಿತ್ರವೆಂದು ತಿಳಿಯಲು ರೀಲನ್ನೆಲ್ಲ ಬಿಚ್ಚಬೇಕಿಲ್ಲ. ಮೊದಲ ರೀಲಾಗಿದ್ದರೆ ತಲೆಯಲ್ಲೇ ಸೆನ್ಸಾರ್ ಸರ್ಟಿಫಿಕೇಟಿನ ಚಿತ್ರವಿರುತ್ತದೆ: ಹೆಸರು, ಸಂಖ್ಯೆ, ಉದ್ದ, ರೀಲುಗಳ ಲೆಕ್ಕ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುವುದರಿಂದ ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಅಂದರೆ 14 ರೀಲು. ನಿಮ್ಮ ಕೈಲಿರುವುದು ಒಂಬತ್ತೇ ಆದರೆ ಐದು ಬೇರೆಲ್ಲೋ ಇವೆ, ಅಥವಾ ಇಲ್ಲ. ನಿರಾಶೆ ಬೇಡ. ಹಳೇ ಚಿತ್ರಗಳ ಪುನರುಜ್ಜೀವನ ಎಷ್ಟೋ ಸಲ ಎರಡು ಮೂರು ಹರಕು ಪ್ರಿಂಟುಗಳಿಂದ ಒಂದನ್ನು ಹೊಲಿದು ಕಟ್ಟುವ ಕೆಲಸವೇ. ಮೂರನೇ ರೀಲು ಒಂದು ಊರಿನದು, ಒಂಬತ್ತನೆಯದು ಇನ್ನೊಂದು ಊರಿನದು. ಹೀಗೆ ಹೊಲಿಯುವವರಿಗೆ ಅಳತೆ ಪಟ್ಟಿಯಂತೆ ಒದಗುವುದು ಚಿತ್ರಮಂದಿರದ ಮುಂದೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ. ಕಥಾಸಾರ, ಪಾತ್ರವರ್ಗ, ಹಾಡುಗಳು ಅನುಕ್ರಮವಾಗಿ ಅದರಲ್ಲಿರುತ್ತವೆ. ಪ್ರಿಂಟೇ ಇಲ್ಲದ ಚಿತ್ರಗಳಿಗಂತೂ ಉಳಿದಿರುವ ದೇಹವೆಂದರೆ ಆ ಎಂಟು ಹದಿನಾರು ಪುಟದ ಪುಸ್ತಕವೇ. ರೀಲು ಸಿಕ್ಕ ಮನೆಯಲ್ಲಿ ಹಳೇ ಟ್ರಂಕನ್ನೂ ಒಮ್ಮೆ ನೋಡಿ.

ಬಣ್ಣದ ಚಿತ್ರಗಳ ವಿಷಯದಲ್ಲಿ ಒಂದು ವಿಪರ್ಯಾಸವಿದೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ, ಈಸ್ಟ್‌ಮನ್ ಕಲರಿನಲ್ಲಿ. ಆ ಕಾಲದ ಈಸ್ಟ್‌ಮನ್ ಪ್ರಿಂಟಿನ ನೀಲಿ, ಹಳದಿ ಬಣ್ಣಗಳು ಕತ್ತಲಲ್ಲಿ ಸುಮ್ಮನಿದ್ದರೂ ಮಾಸುತ್ತವೆ, ಉಳಿಯುವುದು ಬರೀ ಗುಲಾಬಿ ಕೆಂಪು. ಅದಕ್ಕಿಂತ ಹತ್ತು ವರ್ಷ ಹಳೆಯ ಕಪ್ಪು ಬಿಳುಪು ಪ್ರಿಂಟು, ಅದು ಬೆಳ್ಳಿಯಾದ್ದರಿಂದ, ಚೆನ್ನಾಗಿ ತೊಳೆದಿದ್ದರೆ ನಿನ್ನೆ ತೆಗೆದಂತಿರುತ್ತದೆ. ಹಾಗಾಗಿ ‘ಬಣ್ಣದ್ದು, ಹೊಸದು, ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡಬೇಡಿ. ಮಾಸಿದ ಬಣ್ಣವನ್ನು ಕಂಪ್ಯೂಟರಿನಲ್ಲಿ ಒಂದಿಷ್ಟು ಮರಳಿಸಬಹುದು, ಪೂರ್ತಿ ಹೋದದ್ದನ್ನು ಊಹಿಸಬಹುದು ಅಷ್ಟೇ.

ಸ್ಕ್ಯಾನ್ ಎಂಬ ಮಾತನ್ನೂ ಈಗ ಹಗುರವಾಗಿ ಬಳಸಲಾಗುತ್ತಿದೆ. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ಹಿಡಿದದ್ದು ಸ್ಕ್ಯಾನ್ ಅಲ್ಲ. ಹಿಂದೆ ಟಿ.ವಿ. ಪ್ರಸಾರಕ್ಕಾಗಿ ಟೇಪಿಗೆ ಇಳಿಸಿದ ಪ್ರತಿಯೂ ಅಲ್ಲ. ಒಂದೊಂದೇ ಚೌಕಟ್ಟನ್ನು ಬಿಡಿ ಚಿತ್ರವಾಗಿ ತೆಗೆದಿಡಬೇಕು. ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಚೌಕಟ್ಟುಗಳಿವೆ. 2ಕೆ, ಅಂದರೆ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕಿಗಳ ಅಳತೆಯಲ್ಲಿ ಒಂದೊಂದಕ್ಕೆ ಸುಮಾರು 12 ಮೆಗಾಬೈಟ್, ಒಟ್ಟು ಎರಡೂವರೆ ಟೆರಾಬೈಟ್ ದಾಟುತ್ತದೆ. 4ಕೆ ಆದರೆ ಅದರ ನಾಲ್ಕರಷ್ಟು, ಹತ್ತು ಹನ್ನೊಂದು ಟೆರಾಬೈಟ್. ಎರಡು ಕಡೆ ಎರಡು ಪ್ರತಿ ಬೇಕು. ಸವೆದ ಪ್ರಿಂಟಿಗೆ 2ಕೆ ಸಾಕು, ಅದರಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಉಳಿದಿರುವುದು ಕಡಿಮೆ. ಮೂಲ ನೆಗೆಟಿವ್ ಸಿಕ್ಕರೆ 4ಕೆಗೆ ಕಡಿಮೆ ಮಾಡಬೇಡಿ. ಒಣಗೀರುಗಳಿದ್ದರೆ ವೆಟ್ ಗೇಟ್ ಇರುವ ಸ್ಕ್ಯಾನರ್ ಕೇಳಿ. ಗೀರನ್ನು ದ್ರವ ತುಂಬಿ ಮುಚ್ಚಿ ಚಿತ್ರ ತೆಗೆಯುವ ವಿಧಾನ ಅದು, ಆಮೇಲಿನ ಕಂಪ್ಯೂಟರ್ ಕೆಲಸ ಎಷ್ಟೋ ಉಳಿಯುತ್ತದೆ. ಮತ್ತೆ ದಯವಿಟ್ಟು ಆ ಚೌಕಟ್ಟನ್ನು ಇಂದಿನ ಟಿ.ವಿ.ಯ ಅಗಲಕ್ಕೆ ಹಿಗ್ಗಿಸಬೇಡಿ. ಆಗಿನ ಚಿತ್ರದ ಅಗಲ ಎತ್ತರಕ್ಕಿಂತ 1.37 ಪಟ್ಟು ಮಾತ್ರ. ಅಂತರ್ಜಾಲದಲ್ಲಿ ಓಡಾಡುವ ಪ್ರತಿಗಳಲ್ಲಿ ಒಂದೋ ನಟರೆಲ್ಲ ದಪ್ಪಗಿರುತ್ತಾರೆ, ಇಲ್ಲವೇ ಕಿರೀಟ ಕತ್ತರಿಸಿಹೋಗಿರುತ್ತದೆ. 1965ರ ‘ಸತ್ಯಹರಿಶ್ಚಂದ್ರ’ 2008ರಲ್ಲಿ ಬಣ್ಣ ಬಳಿಸಿಕೊಂಡು ಮತ್ತೆ ತೆರೆಗೆ ಬಂದಾಗ ಜನ ಮುಗಿಬಿದ್ದು ನೋಡಿದರು. ಅದಕ್ಕೆ ತಕರಾರಿಲ್ಲ. ಬಣ್ಣದ ಪ್ರತಿಯ ಜೊತೆಗೆ ಅಷ್ಟೇ ಶುದ್ಧವಾದ ಕಪ್ಪು ಬಿಳುಪು ಪ್ರತಿಯೂ ಸಿಗುವಂತಿರಬೇಕು ಎಂಬುದಷ್ಟೇ ಮಾತು.

ರೀಲಿನ ಜೊತೆಗೇ ಸಿಗಬಹುದಾದ ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಚುಟುಕಾಗಿ. ನಿಮಿಷಕ್ಕೆ 78 ಸುತ್ತು ತಿರುಗುವ, 78ರ ಪ್ಲೇಟು ಅರಗಿನದು. ಸ್ಪಿರಿಟ್ಟು, ಸ್ಯಾನಿಟೈಸರ್ ತಾಗಿದರೆ ಕರಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ನಡುವಿನ ಚೀಟಿ ನೆನೆಯದಂತೆ, ಗೆರೆಗಳ ಗುಂಟ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಅಜ್ಜನ ಕಾಲದ ಕೀಲಿ ಪೆಟ್ಟಿಗೆಯಲ್ಲಿ ನುಡಿಸುವ ಆಸೆ ತಡೆದುಕೊಳ್ಳಿ, ಉಕ್ಕಿನ ಮುಳ್ಳು ಒಂದು ಬದಿಗೆ ಒಂದರಂತೆ ಎಸೆಯಬೇಕಾದದ್ದು. ಸವೆದ ಮುಳ್ಳು ಗೆರೆಯನ್ನೇ ಕೆತ್ತುತ್ತದೆ. ಈಗಿನ ಟರ್ನ್‌ಟೇಬಲ್ಲಿನಲ್ಲಿ ಎಲ್.ಪಿ.ಯ ಮುಳ್ಳೂ ಆಗದು. 78ಕ್ಕೆ ಸುಮಾರು 75 ಮೈಕ್ರಾನಿನ ದಪ್ಪ ಮುಳ್ಳು ಬೇಕು, ಸಣ್ಣದು ಗೆರೆಯ ತಳದ ಕೊಳೆಯಲ್ಲಿ ಉರುಳಾಡಿ ಬರೀ ಕರಕರ ಕೇಳಿಸುತ್ತದೆ. ಹತ್ತು ಇಂಚಿನ ಪ್ಲೇಟಿನ ಒಂದು ಬದಿ ಮೂರು ನಿಮಿಷ. ಕಂಪನಿ ನಾಟಕಗಳು ಇಂಥ ಹಲವು ಪ್ಲೇಟುಗಳ ಸೆಟ್ಟಾಗಿ ಬರುತ್ತಿದ್ದವು. ಆದ್ದರಿಂದ ಒಡೆದ ಪ್ಲೇಟಿನ ಚೀಟಿಯನ್ನೂ ಎಸೆಯಬೇಡಿ, ಅದು ಎಷ್ಟನೆಯ ಭಾಗವೆಂದು ಹೇಳುತ್ತದೆ. ಚೀಟಿಯ ಸುತ್ತ ನುಣುಪು ಜಾಗದಲ್ಲಿ ಗೀಚಿದ ಅಂಕಿಯನ್ನು ಓರೆ ಬೆಳಕಿನಲ್ಲಿ ಓದಿ ಬರೆದುಕೊಳ್ಳಿ.

ಹಳೇ ಪತ್ರಿಕೆಗಳ ಕಾಗದಕ್ಕೆ ಬಂದರೆ, ಡಾ. ಎಂ. ಶಿವರಾಂ ಅವರ ಹಾಸ್ಯಪತ್ರಿಕೆ ‘ಕೊರವಂಜಿ’ 1942ರಿಂದ 1967ರವರೆಗೆ ನಡೆಯಿತು, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. ಆ ಕಾಲದ ಅಗ್ಗದ ಕಾಗದ ಈಗ ಹಪ್ಪಳ, ಮಡಿಸಿದಲ್ಲಿ ಮುರಿಯುತ್ತದೆ. ಸೆಲೊಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಹಿಂದಿರುಗಲಾಗದ ತಪ್ಪುಗಳು. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ಹಿಂಬದಿಯಲ್ಲಿ ಕಾಲು ನೆಟ್ಟಗೆ ಮಾಡಿ ತೆಗೆಯಿರಿ. ಸ್ಕ್ಯಾನ್ ಮಾಡುವಾಗ ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟರೆ ಆಚೆ ಪುಟದ ಅಕ್ಷರ ಇಣುಕುವುದಿಲ್ಲ. ಬರಹಕ್ಕೆ 400 ಡಿಪಿಐ, ವ್ಯಂಗ್ಯಚಿತ್ರ ಹಾಗೂ ಮುಖಪುಟಕ್ಕೆ 600. ಜಾಹೀರಾತುಗಳನ್ನು ಬಿಟ್ಟು ‘ಮುಖ್ಯ ಪುಟ’ ಮಾತ್ರ ತೆಗೆಯುವವರಿದ್ದಾರೆ. ತಾರೀಕು ಹರಿದುಹೋದ ಸಂಚಿಕೆಯ ಕಾಲ ಗೊತ್ತಾಗುವುದು ಅದರ ಸೋಪಿನ, ಸಿನಿಮಾದ ಜಾಹೀರಾತಿನಿಂದಲೇ. ಮೊಳೆಯಚ್ಚಿನ ಹಳೇ ಪುಟವನ್ನು ಕಂಪ್ಯೂಟರಿಗೆ ಓದಿಸಿದರೆ ಮ ಮತ್ತು ವ, ಪ ಮತ್ತು ಷ ಅದಲುಬದಲಾಗುತ್ತವೆ, ಅನುಸ್ವಾರ ಸೊನ್ನೆಯಾಗುತ್ತದೆ. ಕಣ್ಣಿಟ್ಟು ತಿದ್ದದೆ ಬೇರೆ ದಾರಿಯಿಲ್ಲ.

ಹಕ್ಕಿನ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕಾಯ್ದೆಯಂತೆ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷ. 1960ರಲ್ಲಿ ಬಂದ ‘ರಣಧೀರ ಕಂಠೀರವ’ದಂಥ ಚಿತ್ರಕ್ಕೆ ಅದು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರ ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆಯಾಗಿ ಉಳಿದಿರಬಹುದು. ಪುಸ್ತಕಕ್ಕೆ ಲೇಖಕರು ತೀರಿಕೊಂಡ ಮರುವರ್ಷದಿಂದ 60. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಅವರ ಜೀವಿತಕಾಲದಲ್ಲಿ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ರೀಲು ಸಿಕ್ಕಿದ ಮಾತ್ರಕ್ಕೆ ಚಿತ್ರದ ಹಕ್ಕು ಸಿಕ್ಕಿದಂತಲ್ಲ. ಹಾಗೆಯೇ ರೀಲನ್ನು ಸಂಗ್ರಹಾಲಯದಲ್ಲಿ ಇರಿಸಿದ ಮಾತ್ರಕ್ಕೆ ಇದ್ದ ಹಕ್ಕು ಹೋಗುವುದೂ ಇಲ್ಲ. ಈ ಎರಡನೆಯದು ತಿಳಿಯದೆ ಡಬ್ಬಿಯನ್ನು ಅಟ್ಟದಲ್ಲೇ ಕೊಳೆಸುವ ಮನೆಗಳುಂಟು.

ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಮುಂಬೈಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಹೊತ್ತುಕೊಂಡು ಹೋಗುವ ಮೊದಲು ಪತ್ರ ಬರೆಯಿರಿ. ಫಿಲ್ಮಿನ ಅಗಲ, ರೀಲುಗಳ ಸಂಖ್ಯೆ, ಅಂಚಿನ ಅಕ್ಷರಗಳ ಹತ್ತಿರದ ಫೋಟೊ, 100 ಅಂತರದ ಅಳತೆ, ವಾಸನೆ ಇದೆಯೋ ಇಲ್ಲವೋ, ಡಬ್ಬಿಯ ಚೀಟಿ, ಸರ್ಟಿಫಿಕೇಟಿನ ಫೋಟೊ. ‘ಹಳೇ ಕನ್ನಡ ರೀಲು ಇವೆ, ಎಷ್ಟು ಕೊಡುತ್ತೀರಿ’ ಎಂಬ ಒಂದು ಸಾಲಿಗೆ ಯಾರೂ ಉತ್ತರ ಬರೆಯಲಾರರು.

ನಿಮ್ಮಲ್ಲೊಂದು ಕೋರಿಕೆ. ಪತ್ರಿಕಾ ಕಚೇರಿಯ ಹಳೇ ಸಂಪುಟಗಳಲ್ಲಿ 1950ರಿಂದ 1965ರವರೆಗಿನ ಸಿನಿಮಾ ಜಾಹೀರಾತುಗಳಿದ್ದರೆ, ಯಾವ ಚಿತ್ರ, ಯಾವ ಊರಿನ ಯಾವ ಟಾಕೀಸು, ಯಾವ ತಾರೀಕು ಎಂಬುದನ್ನು ವಾರಕ್ಕೊಂದು ವರ್ಷದಂತೆ ಪುಟದ ಮೂಲೆಯಲ್ಲಾದರೂ ಅಚ್ಚು ಹಾಕಿಸಿ. ಹೆಸರಿಲ್ಲದ ನಾಲ್ಕನೇ ರೀಲನ್ನು ಕೈಯಲ್ಲಿ ಹಿಡಿದು ಕೂತವರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ರೀಲು ಸಿಕ್ಕ ಸುದ್ದಿ ಬಂದಾಗ, ಫೋಟೊಕ್ಕೆಂದು ಫಿಲ್ಮನ್ನು ಬಿಸಿಲಿಗೆ ಎಳೆಯಬೇಡಿರೆಂದು ನಿಮ್ಮ ಛಾಯಾಗ್ರಾಹಕರೇ ಹೇಳಲಿ.

ಇತಿ,
ಹಳೆಯ ಚಿತ್ರ, ಪ್ಲೇಟು, ಪತ್ರಿಕೆಗಳ ಸಂಗ್ರಹದಲ್ಲಿ ತೊಡಗಿರುವ ಕೆಲವು ಓದುಗರು
ಮೈಸೂರು